ಕ್ವಾಯರ್‌ನಲ್ಲಿ ನಿಜ ಹೇಳುವ ಕೆಲಸ: ನನ್ನ ಅನುಭವ

ನಮ್ಮ ಸಭೆಯ, ಅಂದರೆ ಚರ್ಚಿನ, ಕ್ವಾಯರ್ (ಹಾಡುವ ತಂಡ) ಸೇರಿದ ಯಾರಿಗೂ ಸಂಬಳ ಇಲ್ಲ. ಶನಿವಾರ ಸಂಜೆ ಮನೆಕೆಲಸ ಬಿಟ್ಟು ದೇವರಿಗೆ ಹಾಡಬೇಕು ಅಂತ ಬರುವವರು. ಅಂಥವರಿಗೆ "ನಿಮ್ಮ ಶ್ರುತಿ ಸೇರುತ್ತಿಲ್ಲ" ಅಂತ ಹೇಳಲು ನಾಲಿಗೆ ಏಳುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಅನ್ನುವ ಗಾದೆ ಬೇರೆ ಇದೆಯಲ್ವಾ! ಆದರೂ ಹೇಳಲೇಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಿಂದ ಬೆಳೆದ ಸಭೆ ನಮ್ಮದು. ಸೊಪ್ರಾನೊ (ಹೆಂಗಸರ ಮೇಲಿನ ದನಿ), ಆಲ್ಟೊ (ಹೆಂಗಸರ ಕೆಳಗಿನ ದನಿ), ಟೆನರ್ (ಗಂಡಸರ ಮೇಲಿನ ದನಿ), ಬಾಸ್ (ಗಂಡಸರ ಕೆಳಗಿನ ದನಿ) ಅಂತ ನಾಲ್ಕು ದನಿಗಳಲ್ಲಿ ಹಾಡುತ್ತೇವೆ. ಒಂದು ಕಂಠ ಜಾರಿದರೂ ಪಕ್ಕದವರನ್ನೂ ಎಳೆದುಕೊಂಡು ಹೋಗುತ್ತದೆ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನು ನಾನು ಈ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಸುಳ್ಳನ್ನು ಬಿಟ್ಟು ನೆರೆಯವರೊಂದಿಗೆ ನಿಜ ಆಡಿ, ನಾವು ಒಬ್ಬರಿಗೊಬ್ಬರು ಅಂಗಗಳು ಅಂತ 25ನೇ ವಚನದಲ್ಲಿ ಪೌಲ ಹೇಳುತ್ತಾನೆ. ಕೇಳುವವರನ್ನು ಬೆಳೆಸುವ ಮಾತೇ ಬಾಯಿಂದ ಬರಲಿ ಅಂತ 29ನೇ ವಚನದಲ್ಲಿ ಹೇಳುತ್ತಾನೆ. ಹಾಗಾಗಿ ಯಾರಿಗಾದರೂ ಏನಾದರೂ ಹೇಳುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದರಿಂದ ಅವರಿಗೆ ಉಪಯೋಗ ಇದೆಯಾ, ಅಥವಾ ನನ್ನ ಕಿರಿಕಿರಿ ಇಳಿಸಿಕೊಳ್ಳುತ್ತಿದ್ದೇನಾ? ಸುಮ್ಮನಿದ್ದಾಗಲೂ ಅದೇ ಪ್ರಶ್ನೆ. ನಾವು ದಾಕ್ಷಿಣ್ಯ ಅನ್ನುವುದು ಎಷ್ಟೋ ಸಲ ನಮ್ಮ ನೆಮ್ಮದಿ ಕಾಪಾಡಿಕೊಳ್ಳುವ ದಾರಿ.

ಸೊಪ್ರಾನೊದಲ್ಲಿ ವರ್ಷಗಟ್ಟಲೆ ಹಾಡಿದ ಹಿರಿಯರೊಬ್ಬರು ಇದ್ದರು. ವಯಸ್ಸಾದಂತೆ ಮೇಲಿನ ಸ್ವರ ಸಿಗದೇ ಹೋಗುವುದು ಸಹಜ. ಅಭ್ಯಾಸದಲ್ಲಿ ಅವರು ಹಾಡುವಾಗ ಹಿಂದಿನ ಸಾಲಿನಲ್ಲಿ ಚಿಕ್ಕವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮತ್ತಾಯ 18:15ರಲ್ಲಿ ಯೇಸು ಹೇಳಿದ್ದು ತಪ್ಪು ಮಾಡಿದ ಸಹೋದರನ ಬಗ್ಗೆ. ಇವರು ತಪ್ಪೇನೂ ಮಾಡಿರಲಿಲ್ಲ. ಆದರೂ ಒಬ್ಬರೇ ಇರುವಾಗ ಹೋಗಿ ಮಾತಾಡಬೇಕು ಅನ್ನುವ ಕ್ರಮ ಇಲ್ಲಿಗೂ ಸಲ್ಲುತ್ತದೆ ಅನ್ನಿಸಿತು. ಅವರ ಮನೆಗೇ ಹೋದೆ. ಫೋನಿನಲ್ಲಿ ಹೇಳುವ ಮಾತು ಅಲ್ಲ ಇದು. ವಾಟ್ಸಾಪ್‌ನಲ್ಲಂತೂ ಖಂಡಿತ ಅಲ್ಲ.

"ಆಂಟಿ, ಮೇಲಿನ ಸ್ವರಕ್ಕೆ ಹೋದಾಗ ನಿಮ್ಮ ಶ್ರುತಿ ಕೆಳಗೆ ಇಳಿಯುತ್ತಿದೆ. ಆಲ್ಟೊಗೆ ಬರ್ತೀರಾ?" ಅಂತ ಕೇಳಿದೆ. ಸುತ್ತಿ ಬಳಸಲಿಲ್ಲ. ಸುತ್ತಿ ಬಳಸಿದರೆ ಕೇಳುವವರು ಅರ್ಥ ಹುಡುಕಿಕೊಂಡು ರಾತ್ರಿಯಿಡೀ ಕೂರಬೇಕಾಗುತ್ತದೆ.

ಅವರು ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಬೇರೆಯವರೂ ಹೀಗೇ ಹೇಳ್ತಿದ್ದಾರಾ?"

ಇದು ಕಷ್ಟದ ಪ್ರಶ್ನೆ. ಇಲ್ಲ ಅಂದರೆ ಸುಳ್ಳು. ಹೌದು, ಇಂಥಿಂಥವರು ನಗುತ್ತಾರೆ ಅಂದರೆ ಅವರನ್ನು ಮುರಿದ ಹಾಗೆ. "ಬೇರೆಯವರ ಮಾತನ್ನು ನಾನು ತರುವುದಿಲ್ಲ ಆಂಟಿ. ನಾನು ಕೇಳಿಸಿಕೊಂಡದ್ದನ್ನು ನಾನೇ ಹೇಳುತ್ತಿದ್ದೇನೆ" ಅಂದೆ. ಎಲ್ಲರೂ ಹೇಳುತ್ತಿದ್ದಾರೆ ಅನ್ನುವ ಮಾತನ್ನು ನಾನು ಬಳಸುವುದೇ ಇಲ್ಲ. ಒಬ್ಬರ ಮೇಲೆ ಇಡೀ ಸಭೆಯನ್ನು ಹೇರಿದಂತೆ ಆಗುತ್ತದೆ. ಹೇಳಿದವನ ಹೆಸರೂ ಅದರ ಹಿಂದೆ ಅಡಗಿಕೊಳ್ಳುತ್ತದೆ.

ಅವರು ಆಲ್ಟೊಗೆ ಬರಲಿಲ್ಲ. ಕ್ವಾಯರ್ ಬಿಟ್ಟರು. ಕೆಲವು ವಾರ ನನ್ನೊಡನೆ ಮಾತು ಕಡಿಮೆಯಾಗಿತ್ತು. ನಾನು ಹೋಗಿ ಬರುವುದನ್ನು ನಿಲ್ಲಿಸಲಿಲ್ಲ. ನಿಜ ಹೇಳಿದ ಮೇಲೆ ಆ ಮನೆಗೆ ಹೋಗುವುದನ್ನು ಬಿಟ್ಟರೆ ಹೇಳಿದ್ದರಲ್ಲಿ ಪ್ರೀತಿ ಎಲ್ಲಿ ಉಳಿಯಿತು? ಈಗ ಅವರು ಆರಾಧನೆಯಲ್ಲಿ ಬೈಬಲ್ ಪಾಠ ಓದುತ್ತಾರೆ. ಓದುವುದರಲ್ಲಿ ಅವರಷ್ಟು ಸ್ಪಷ್ಟ ಉಚ್ಚಾರಣೆ ನಮ್ಮಲ್ಲಿ ಯಾರಿಗೂ ಇಲ್ಲ. ಇದನ್ನೂ ಅವರಿಗೆ ಹೇಳಿದ್ದೇನೆ. ಒಳ್ಳೆಯದನ್ನು ಹೇಳದೆ ನುಂಗಿಕೊಳ್ಳುವುದೂ ನಿಜಕ್ಕೆ ಮಾಡುವ ಅನ್ಯಾಯವೇ. ಪ್ರಕಟನೆ ಪುಸ್ತಕದಲ್ಲಿ ಎಫೆಸದ ಸಭೆಗೆ ಬಂದ ಸಂದೇಶ ನೋಡಿ: ಅವರ ದುಡಿಮೆ, ತಾಳ್ಮೆ ಎಲ್ಲ ಎಣಿಸಿದ ಮೇಲೆಯೇ ಮೊದಲಿನ ಪ್ರೀತಿಯನ್ನು ಬಿಟ್ಟಿದ್ದೀಯ ಅನ್ನುವ ಮಾತು ಬರುತ್ತದೆ.

ಮುಖಕ್ಕೆ ಹೊಡೆದಂತೆ ಮಾತಾಡುವವರು ಪೌಲನ ಗಲಾತ್ಯ ಪತ್ರದ 2ನೇ ಅಧ್ಯಾಯ ತೋರಿಸುತ್ತಾರೆ. ಪೌಲನು ಎಲ್ಲರೆದುರೇ ಯೇಸುವಿನ ಶಿಷ್ಯ ಪೇತ್ರನನ್ನು ಗದರಿಸಲಿಲ್ಲವಾ ಅಂತ. ಗದರಿಸಿದ, ನಿಜ. ಆದರೆ ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದ ವಿಶ್ವಾಸಿಗಳ) ಜೊತೆ ಊಟ ಮಾಡುವುದನ್ನು ಬಿಟ್ಟು ಹಿಂದೆ ಸರಿದದ್ದು ಎಲ್ಲರ ಕಣ್ಣೆದುರಿಗೇ. ಪೌಲನ ಜೊತೆಗಾರ ಬಾರ್ನಬನೂ ಪೇತ್ರನ ಹಿಂದೆ ಹೋದ. ಇಡೀ ಸಭೆ ಒಡೆಯುವ ಸಂಗತಿ ಅದು. ನಮ್ಮ ಟೆನರ್ ಹುಡುಗ ಅಭ್ಯಾಸಕ್ಕೆ ತಡವಾಗಿ ಬರುವುದು ಆ ಲೆಕ್ಕಕ್ಕೆ ಸೇರುವುದಿಲ್ಲ. ಅವನನ್ನು ಹೊರಗೆ ಕರೆದು ಕೇಳಿದರೆ ಸಾಕು. ಕೇಳಿದೆ ಕೂಡ. ಬಸ್ಸಿನ ಸಮಯ ಬದಲಾಗಿತ್ತಂತೆ.

ಸಾವಿನ ಮನೆಯಲ್ಲಿ ನಾನು ಯಾವ ಸತ್ಯವನ್ನೂ ಹೇಳಲು ಹೋಗುವುದಿಲ್ಲ. ಬೈಬಲಿನಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಅವರು ಎಡವಿದ್ದು ಬಾಯಿ ತೆರೆದ ಮೇಲೆ.

ಆರಾಧನೆ ಮುಗಿದು ಬಾಗಿಲಲ್ಲಿ ಪಾದ್ರಿಯವರ ಕೈಕುಲುಕುವಾಗ "ಪ್ರಸಂಗ ಚೆನ್ನಾಗಿತ್ತು ಅಯ್ಯನವರೇ" ಅಂತ ಎಲ್ಲರೂ ಹೇಳುತ್ತಾರೆ. ನಾನು ಮನಸ್ಸಿನಲ್ಲಿ ನಿಂತ ಒಂದು ಮಾತನ್ನು ಹೆಸರಿಸುತ್ತೇನೆ. ಏನೂ ನಿಲ್ಲದಿದ್ದರೆ ಬರೀ ವಂದನೆ ಹೇಳಿ ಬರುತ್ತೇನೆ.

ಪ್ರಾರ್ಥನಾ ಕೂಟದ ಮಾತೇ ಬೇರೆ. "ಪ್ರಾರ್ಥನೆಗಾಗಿ ಹೇಳ್ತಿದ್ದೇನೆ ಅಷ್ಟೇ" ಅಂತ ಶುರುವಾಗಿ ಇನ್ನೊಬ್ಬರ ಮನೆ ಜಗಳ ಪೂರ್ತಿ ಹೊರಗೆ ಬರುತ್ತದೆ. ಹೇಳಿದ್ದೆಲ್ಲ ನಿಜವೇ ಇರಬಹುದು, ದನಿಯೂ ಮೃದುವಾಗಿರಬಹುದು. ಆದರೂ ನಾನು ಅಲ್ಲೇ ತಡೆದು ಕೇಳುತ್ತೇನೆ: "ಇದನ್ನು ನಮಗೆ ಹೇಳಬಹುದಾ ಅಂತ ಅವರನ್ನು ಕೇಳಿದ್ದೀರಾ?" ಕೇಳಿಲ್ಲ ಅಂದರೆ ಆ ಹೆಸರು ಬಿಟ್ಟು ಪ್ರಾರ್ಥನೆ ಮಾಡುತ್ತೇವೆ.