ಚೀಟಿಯಲ್ಲಿ ‘ಪ್ರೆಸ್‌ಗೆ ಸಿಕ್ಕಿ’ ಅಂತಲೇ ಬರೆಸಿದೆ

ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪ್‌ಗಳಲ್ಲಿ ಬೆರಳು ಕಳೆದುಕೊಂಡವರು ನನಗೆ ಸುಮಾರು ಜನ ಗೊತ್ತು. ಇಎಸ್‌ಐನಿಂದ (ನೌಕರರ ರಾಜ್ಯ ವಿಮೆ) ತಿಂಗಳು ತಿಂಗಳು ಹಣ ತೆಗೆದುಕೊಳ್ಳುವವರು ಮಾತ್ರ ಅವರಲ್ಲಿ ಕಡಿಮೆ. ಹಕ್ಕು ಎಲ್ಲರಿಗೂ ಒಂದೇ. ಕೆಲವರ ಕೈಯಲ್ಲಿ ಕಾಗದ ಇರುತ್ತದೆ, ಹೆಚ್ಚಿನವರ ಕೈಯಲ್ಲಿ ಇರುವುದಿಲ್ಲ.

ನಂದು ಬಲಗೈ ತೋರುಬೆರಳು, ಎರಡು ಗೆಣ್ಣು. 2022ರಲ್ಲಿ ಹೋಯಿತು. ಹಳೆ ಮೆಕ್ಯಾನಿಕಲ್ ಪ್ರೆಸ್ ಅದು. ಪೆಡಲ್ ಒತ್ತಿದರೆ ತಗಡಿಗೆ ಹೊಡೆಯುವ ರ‍್ಯಾಮ್ ಒಂದು ಸಲ ಇಳಿದು ಮೇಲೆ ಹೋಗಿ ನಿಲ್ಲಬೇಕು. ಕ್ಲಚ್ ಕೀ ಸವೆದಿದ್ದರೆ ನಿಲ್ಲದೆ ತಾನಾಗಿ ಇನ್ನೊಂದು ಸಲ ಇಳಿಯುತ್ತದೆ. ‘ಡಬಲ್ ಹೊಡೀತು’ ಅಂತೀವಿ ನಾವು. ಪೀಸ್ ತೆಗೆಯೋಕೆ ಕೈ ಹಾಕಿರುವ ಹೊತ್ತಲ್ಲೇ ಅದು ಆಗೋದು.

ಸೂಪರ್‌ವೈಸರ್ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರು. ಆಟೋದಲ್ಲೇ ಶುರು: ‘ಮನೇಲಿ ಬಾಗಿಲಿಗೆ ಸಿಕ್ತು ಅಂತ ಹೇಳಪ್ಪ. ಖರ್ಚೆಲ್ಲ ಕಂಪನಿ ನೋಡ್ಕೊಳ್ಳುತ್ತೆ, ಸುಮ್ನೆ ಕೇಸು ಗೀಸು ಯಾಕೆ.’ ನೋವಿನಲ್ಲಿ ಯಾರಾದರೂ ಹೂಂ ಅಂದುಬಿಡುತ್ತಾರೆ. ನನ್ನ ರೂಮಿನವನೊಬ್ಬ ಹಿಂದಿನ ವರ್ಷ ಹಾಗೇ ಅಂದು ಕೆಟ್ಟಿದ್ದ. ಅದಕ್ಕೆ ಡ್ಯೂಟಿ ಡಾಕ್ಟರ್ ಕೇಳಿದಾಗ, ‘ಮೇಡಂ, ಫ್ಯಾಕ್ಟರಿಯಲ್ಲಿ ಪವರ್ ಪ್ರೆಸ್‌ಗೆ ಸಿಕ್ಕಿದ್ದು, ಟೈಮ್ ಸಮೇತ ಹಾಗೇ ಬರೀರಿ’ ಅಂದೆ. ಸೂಪರ್‌ವೈಸರ್ ಮುಖ ಆ ಕಡೆ ತಿರುಗಿಸಿದರು. ಆ ಒಂದು ಸಾಲನ್ನು ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ.

ಆ ಸಾಲಿಗೆ ಯಾಕಿಷ್ಟು ಬೆಲೆ ಅಂದರೆ, ಆಗಿನ ಇಎಸ್‌ಐ ಕಾಯ್ದೆಯ 51ಎ ಸೆಕ್ಷನ್ ಪ್ರಕಾರ ಕೆಲಸದ ವೇಳೆಯಲ್ಲಿ ಆದ ಅಪಘಾತವನ್ನು ಕೆಲಸದಿಂದಲೇ ಆದದ್ದು ಅಂತ ಹಿಡಿಯಬೇಕು, ಬೇರೆ ಸಾಕ್ಷ್ಯ ಇಲ್ಲದಿದ್ದರೆ. ‘ಬಾಗಿಲಿಗೆ ಸಿಕ್ತು’ ಅನ್ನೋ ಚೀಟಿಯೇ ಆ ಬೇರೆ ಸಾಕ್ಷ್ಯ ಆಗಿಬಿಡುತ್ತದೆ. ಆಮೇಲೆ ಎಷ್ಟು ಬಡಿದಾಡಿದರೂ ಕಷ್ಟ.

ಕಂಪನಿಯವರು ಫಾರ್ಮ್ 12ರಲ್ಲಿ ಇಎಸ್‌ಐಗೆ ಅಪಘಾತದ ವರದಿ ಕೊಡಬೇಕಿತ್ತು. 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದಂಥ ಗಾಯವಾದರೆ ಕಾರ್ಖಾನೆಗಳ ಇಲಾಖೆಗೂ ತಿಳಿಸಬೇಕಿತ್ತು. ನಮ್ಮವರು ಎರಡನ್ನೂ ಮಾಡಲಿಲ್ಲ. ‘ನೀನು ಕಾಂಟ್ರಾಕ್ಟರ್ ಹುಡುಗ, ಅವನನ್ನೇ ಕೇಳು’ ಅಂದರು. ಕಾಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಆದರೆ ಕಾಂಟ್ರಾಕ್ಟ್ ಕೆಲಸಗಾರರ ಇಎಸ್‌ಐ ವಂತಿಗೆಯನ್ನೂ ಮೂಲ ಮಾಲೀಕರೇ, ಅಂದರೆ ಕಂಪನಿಯವರೇ, ಮೊದಲು ಕಟ್ಟಬೇಕು ಅಂತ ಅದೇ ಕಾಯ್ದೆ ಹೇಳುತ್ತಿತ್ತು. ವಂತಿಗೆ ಬಾಕಿ ಇಟ್ಟಿದ್ದಾರೆ ಅನ್ನೋ ಕಾರಣಕ್ಕೆ ಕೆಲಸಗಾರನ ಹಣ ನಿಲ್ಲುವಂತಿಲ್ಲ. ಇಎಸ್‌ಐ ಕೊಟ್ಟು, ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ಇನ್ನೊಂದು ವಿಷಯ, ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನೋ ಷರತ್ತೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆದರೂ ಸರಿ.

ಹಾಗಾಗಿ ಅಪಘಾತದ ವರದಿಯನ್ನು ಬಿಳಿ ಹಾಳೆಯಲ್ಲಿ ನಾನೇ ಬರೆಸಿದೆ. ಬರೆದದ್ದು ಅಣ್ಣನ ಮಗಳು, ನನ್ನ ಬಲಗೈ ಬ್ಯಾಂಡೇಜಿನಲ್ಲಿತ್ತಲ್ಲ. ಯಾವ ಮೆಷಿನ್, ಯಾವ ಶಿಫ್ಟ್, ಪಕ್ಕದ ಮೆಷಿನ್‌ನಲ್ಲಿ ಯಾರಿದ್ದರು, ಎಲ್ಲ. ಜೊತೆಗೆ ಪೇಸ್ಲಿಪ್, ಸಂಬಳ ಜಮಾ ಆದ ಪಾಸ್‌ಬುಕ್ ಪುಟ, ಆ ದಿನದ ಶಿಫ್ಟ್ ಹಾಕಿದ್ದ ವಾಟ್ಸಾಪ್ ಮೆಸೇಜ್, ಆಸ್ಪತ್ರೆ ಚೀಟಿ. ಇಎಸ್‌ಐ ಶಾಖಾ ಕಚೇರಿಯಲ್ಲಿ ಕೊಟ್ಟು ನನ್ನ ಪ್ರತಿಗೆ ಸೀಲ್ ಹಾಕಿಸಿಕೊಂಡೆ. ಸೀಲ್ ಇಲ್ಲದೆ ಬಂದರೆ ಕೊಡದಿದ್ದ ಹಾಗೇ. ವಿಚಾರಣೆಗೆ ಅಧಿಕಾರಿ ಬಂದಾಗ ಪಕ್ಕದ ಮೆಷಿನ್‌ನವನು ಇದ್ದದ್ದು ಇದ್ದ ಹಾಗೆ ಹೇಳಿದ. ಪುಣ್ಯಾತ್ಮ.

ವಾಸಿಯಾಗುವ ತನಕ ಸರಾಸರಿ ದಿನಗೂಲಿಯ ಶೇ. 90 ಬಂತು. ಅದಕ್ಕೆ ಇಎಸ್‌ಐ ಡಿಸ್ಪೆನ್ಸರಿ ಡಾಕ್ಟರ್ ಕೊಡುವ ಸರ್ಟಿಫಿಕೇಟ್ ನಡುವೆ ಗ್ಯಾಪ್ ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ವಾಸಿಯಾಯ್ತು ಅನ್ನೋ ಫೈನಲ್ ಸರ್ಟಿಫಿಕೇಟ್ ಆದಮೇಲೆ ಸುಮ್ಮನಾಗುವವರು ಬಹಳ. ಅಲ್ಲಿಂದಲೇ ಮುಖ್ಯ ಕೆಲಸ ಶುರು. ಶಾಶ್ವತ ನಷ್ಟ ಎಷ್ಟು ಅಂತ ನಿಗದಿ ಮಾಡುವ ಮೆಡಿಕಲ್ ಬೋರ್ಡ್‌ಗೆ ಕಳಿಸಿ ಅಂತ ನಾವೇ ಕೇಳಬೇಕು.

ಬೋರ್ಡ್‌ಗೆ ಎಕ್ಸ್‌ರೇ ತೆಗೆದುಕೊಂಡು ಹೋದೆ. ಕಾಯ್ದೆಯ ಪಟ್ಟಿಯಲ್ಲಿ ಬೆರಳಿಗೂ ಗೆಣ್ಣಿಗೂ ರೇಟು ಬರೆದಿದೆ, ಓದಿದರೆ ಒಂಥರಾ ಆಗುತ್ತದೆ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ, ಎರಡು ಗೆಣ್ಣಿಗೆ 11, ಒಂದಕ್ಕೆ 9. ಹೆಬ್ಬೆರಳಿಗೆ 30. ನನಗೆ 11 ಹಾಕಿದರು. ಲೆಕ್ಕ ಹೀಗೆ: ದಿನಗೂಲಿ 600 ರೂಪಾಯಿ ಅಂದರೆ ಅದರ ಶೇ. 90, 540. ಅದರಲ್ಲಿ ಶೇ. 11 ಅಂದರೆ ದಿನಕ್ಕೆ 59 ರೂಪಾಯಿ 40 ಪೈಸೆ. ತಿಂಗಳಿಗೆ ಸುಮಾರು 1,780. ಬದುಕಿರುವ ತನಕ. ಬೇರೆ ಕೆಲಸಕ್ಕೆ ಸೇರಿದರೂ ನಿಲ್ಲುವುದಿಲ್ಲ. ಬೋರ್ಡ್ ಕಡಿಮೆ ಹಾಕಿದರೆ ಮೆಡಿಕಲ್ ಅಪೀಲ್ ಟ್ರಿಬ್ಯೂನಲ್‌ಗೋ ಇಎಸ್‌ಐ ಕೋರ್ಟಿಗೋ ಹೋಗಬಹುದು.

ಹಣ ಪಡೆಯುತ್ತಾ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ, 73ನೇ ಸೆಕ್ಷನ್ ಇತ್ತು. ಕಂಪನಿಯವರಿಗೂ ಇದು ಗೊತ್ತಿತ್ತು, ಕಾದರು. ನಾನು ವಾಪಸ್ ಹೋದಮೇಲೆ ಎಚ್‌ಆರ್ ಟೈಪ್ ಮಾಡಿದ ಹಾಳೆ ಮುಂದಿಟ್ಟರು. ‘ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಅಂತಿತ್ತು. ಸೆಟಲ್‌ಮೆಂಟ್ ಮೊತ್ತದ ಜಾಗ ಖಾಲಿ. ಸೈನ್ ಹಾಕಲಿಲ್ಲ. ಮಾರನೇ ದಿನ ಗೇಟಿನಲ್ಲಿ ಬಿಡಲಿಲ್ಲ. ‘ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ನೀವು ತಡೆದಿದ್ದೀರಿ’ ಅಂತ ರಿಜಿಸ್ಟರ್ಡ್ ಪೋಸ್ಟ್ ಹಾಕಿ, ಕಾರ್ಮಿಕ ಅಧಿಕಾರಿಗೊಂದು ಪ್ರತಿ ಕಳಿಸಿದೆ. ರಾಜಿ ಸಭೆಯಲ್ಲಿ ಕಂಪನಿಯವರು ಕೆಲಸ ಕೊಡಲು ಒಪ್ಪಲಿಲ್ಲ. ರಿಟ್ರೆಂಚ್‌ಮೆಂಟ್ (ಕಂಪನಿಯೇ ಕೆಲಸದಿಂದ ತೆಗೆಯುವುದು) ಪರಿಹಾರ ಕೊಡಲು ಒಪ್ಪಿದರು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ. ಗ್ರಾಚ್ಯುಟಿ ಕೇಳಿದಾಗ ‘ಐದು ವರ್ಷ ಆಗಿಲ್ವಲ್ಲ’ ಅಂದರು. ಅಪಘಾತದಿಂದ ಮೊದಲಿನ ಕೆಲಸ ಮಾಡಲಾಗದೆ ಹೊರಗೆ ಹೋದರೆ ಐದು ವರ್ಷದ ಷರತ್ತು ಇಲ್ಲ ಅಂತ ಅಧಿಕಾರಿಯೇ ತಿಳಿಸಿ ಹೇಳಿದರು. ಅದೂ ಬಂತು.

ಕೆಲಸ ಇಲ್ಲದ ದಿನಗಳಿಗೆ ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. 2018ರದ್ದು. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಇತ್ತು, 2020ರ ಮಾರ್ಚ್ 24ರಿಂದ ಅರ್ಧ ಮಾಡಿದರು. ಜೀವಮಾನದಲ್ಲಿ ಒಟ್ಟು 90 ದಿನದವರೆಗೆ. ಕೆಲಸ ಹೋಗಿ 30 ದಿನ ಆದಮೇಲೆ ಕಂಪನಿಯ ಹಂಗಿಲ್ಲದೆ ನಾವೇ ಅರ್ಜಿ ಹಾಕಬಹುದು. ಇಎಸ್‌ಐ ಇರುವ ಕೆಲಸದಲ್ಲಿ ಎರಡು ವರ್ಷ ಆಗಿರಬೇಕು, ವಂತಿಗೆ ದಿನಗಳ ಷರತ್ತೂ ಇದೆ. ದುರ್ನಡತೆಗೆ ತೆಗೆದಿದ್ದರೆ, ತಾವಾಗೇ ನಿವೃತ್ತಿ ತೆಗೆದುಕೊಂಡಿದ್ದರೆ ಇಲ್ಲ. ಆ ಹಾಳೆಗೆ ಸೈನ್ ಹಾಕಿದ್ದರೆ ನಾನೇ ಕೆಲಸ ಬಿಟ್ಟ ಹಾಗಾಗುತ್ತಿತ್ತು. ಎಚ್‌ಆರ್ ಅಷ್ಟು ಒತ್ತಾಯ ಮಾಡಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಇಎಸ್‌ಐ ಪೋರ್ಟಲ್‌ನಲ್ಲಿ ಮಾಲೀಕರು ಕಾರಣ ಆರಿಸಬೇಕು. ನನ್ನ ಹೆಸರಿನ ಮುಂದೆ ‘ಲೆಫ್ಟ್ ಸರ್ವಿಸ್’ ಅಂತ ಒತ್ತಿದ್ದರು, ‘ರಿಟ್ರೆಂಚ್‌ಮೆಂಟ್’ ಅಂತ ಇರಬೇಕಿತ್ತು. ರಾಜಿ ಒಪ್ಪಂದದ ಪ್ರತಿ ಲಗತ್ತಿಸಿದ್ದರಿಂದ ಅರ್ಜಿ ಪಾಸಾಯಿತು.

ಹತ್ತು ಜನಕ್ಕಿಂತ ಕಡಿಮೆ ಇರುವ ವರ್ಕ್‌ಶಾಪ್, ಅಥವಾ ಸಂಬಳ 21,000 ದಾಟಿ ಇಎಸ್‌ಐ ಇಲ್ಲದವರಾದರೆ ದಾರಿ ಬೇರೆ. ಮಾಲೀಕರಿಂದಲೇ ಇಡಿಗಂಟು ಪರಿಹಾರ ಕೇಳಬೇಕು, ಆಗ ಅದು ನೌಕರರ ಪರಿಹಾರ ಕಾಯ್ದೆಯಡಿ ಇತ್ತು. ಇಎಸ್‌ಐ ಇದ್ದವರು ಅದನ್ನೂ ಕೇಳುವಂತಿಲ್ಲ.

ನಂದೆಲ್ಲ 1948ರ ಕಾಯ್ದೆಯ ಕಾಲದ್ದು. 2025ರ ನವೆಂಬರ್ 21ರಿಂದ ಈ ಹಳೆ ಕಾಯ್ದೆಗಳ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಈಗ ಅರ್ಜಿ ಬರೆಯುವವರು ನಾನು ಹೇಳಿದ ಸೆಕ್ಷನ್ ನಂಬರ್ ಹಾಗೇ ಹಾಕಬೇಡಿ, ಕೇಳಿ ಹಾಕಿ. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ. ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, ಆದಾಯ ಎಷ್ಟಿದ್ದರೂ. ಫೋನ್ 15100.