ಮೋಸಂಬಿ ಸಿಪ್ಪೆ ಸುಟ್ಟು ಬಣ್ಣದ ನೀರು ತಿಳಿ ಮಾಡುವುದು

ಕಲಬುರಗಿಯಲ್ಲಿ ನಾನು ಮನೆಯಲ್ಲೇ ಹಳೆಯ ಸೀರೆ, ದುಪ್ಪಟ್ಟಾಗಳಿಗೆ ಬಣ್ಣ ಹಾಕಿಕೊಡುತ್ತೇನೆ. ಒಂದು ದಿನ ಓಣಿಯ ಗಟಾರದ ಉದ್ದಕ್ಕೂ ನನ್ನ ನೀಲಿ ನೀರು ಹರಿದಿತ್ತು. ಪಕ್ಕದ ಮನೆಯ ಆಡು ಅದಕ್ಕೇ ಬಾಯಿ ಹಾಕಿತ್ತು. ಅವತ್ತಿನಿಂದ ಹಾಗೇ ಚೆಲ್ಲಲು ಮನಸ್ಸು ಬರುವುದಿಲ್ಲ.

ಸೂಪರ್ ಮಾರ್ಕೆಟ್ ಕಡೆಯ ಜ್ಯೂಸ್ ಅಂಗಡಿಯಿಂದ ಮೋಸಂಬಿ ಸಿಪ್ಪೆ ತರುತ್ತೇನೆ. ತೊಳೆದು, ಹೆಚ್ಚಿ, ಮಾಳಿಗೆ ಮೇಲೆ ಹರವಬೇಕು. ನಮ್ಮ ಮೇ ಬಿಸಿಲಿಗೆ ಮೂರು ದಿನ ಸಾಕು. ಮುರಿದರೆ ಲಟ್ಟನೆ ಮುರಿಯಬೇಕು.

ಸುಡುವಾಗ ಅವಸರ ಬೇಡ. ಗಟ್ಟಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಸಿಪ್ಪೆ ತುಂಬಿ. ಮುಚ್ಚಳಕ್ಕೆ ಮೊಳೆಯಿಂದ ಎರಡು ತೂತು ಹಾಕಿ, ಇಲ್ಲದಿದ್ದರೆ ಒಳಗಿನ ಹೊಗೆಗೆ ಡಬ್ಬಿ ಸಿಡಿಯುತ್ತದೆ. ಬಯಲಲ್ಲಿ ಕಟ್ಟಿಗೆ ಬೆಂಕಿಯ ನಡುವೆ ಇಡಿ. ಮೊದಲು ಬಿಳಿ ಹೊಗೆ. ಆಮೇಲೆ ತೂತಿನ ಹೊಗೆಗೇ ಬೆಂಕಿ ಹತ್ತುತ್ತದೆ. ಅದು ಆರಿ, ಹೊಗೆ ಪೂರಾ ನಿಂತರೆ ಆಯಿತು. ತೂತಿಗೆ ಹಸಿ ಮಣ್ಣು ಮೆತ್ತಿ ಬೆಳಗಿನವರೆಗೆ ಬಿಡಿ. ಮೊದಲ ಸಲ ನಾನು ಬಿಸಿ ಇದ್ದಾಗಲೇ ತೆರೆದೆ. ಗಾಳಿ ತಾಗಿ ಕೆಂಡವಾಗಿ ಎಲ್ಲ ಬೂದಿಯಾಯಿತು. ತುಂಬಾ ಬೇಜಾರಾಗಿತ್ತು.

ತಣ್ಣಗಾದ ಇದ್ದಿಲನ್ನು ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೀರು ತಿಳಿಯಾಗುವ ತನಕ ತೊಳೆದು ಒಣಗಿಸಿ. ಇದೇ ಬಯೋಚಾರ್, ನೀರಿನಲ್ಲಿನ ಬಣ್ಣ ಹೀರುವ ಇದ್ದಿಲು.

ಎಷ್ಟು ಹಾಕಬೇಕು? ಮೊದಲು ಬಣ್ಣದ ನೀರನ್ನು ಗಾಜಿನ ಲೋಟಗಳಿಗೆ ತುಂಬಿ ನೋಡಿ. ಲೀಟರಿಗೆ 2, 5, 10 ಗ್ರಾಂ ಲೆಕ್ಕದಲ್ಲಿ ಇದ್ದಿಲು ಹಾಕಿ. ಒಂದು ಲೋಟಕ್ಕೆ ಏನೂ ಹಾಕಬೇಡಿ, ಹೋಲಿಸಲು ಬೇಕಲ್ವಾ? ಗಂಟೆ ಹೊತ್ತು ಆಗಾಗ ಕಲಕಿ, ರಾತ್ರಿ ಬಿಟ್ಟು, ಎರಡು ಪದರ ಹತ್ತಿ ಬಟ್ಟೆಯಲ್ಲಿ ಸೋಸಿ.

ಎಲ್ಲ ಬಣ್ಣವೂ ಒಂದೇ ಥರ ಹಿಡಿಯುವುದಿಲ್ಲ. ಮೆಥಿಲೀನ್ ಬ್ಲೂ ಎಂಬ ನೀಲಿಯಂಥ 'ಬೇಸಿಕ್' ಗುಂಪಿನ ಬಣ್ಣಕ್ಕೆ ಧನ (ಪ್ಲಸ್) ವಿದ್ಯುದಂಶ, ಇದ್ದಿಲಿನ ಮೈಗೆ ಹೆಚ್ಚಾಗಿ ಋಣ (ಮೈನಸ್), ಹಾಗಾಗಿ ಬೇಗ ಅಂಟುತ್ತದೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಕ್ಕೂ ಋಣವೇ, ಹಾಗಾಗಿ ಇದ್ದಿಲಿಗೆ ಸುಲಭವಾಗಿ ಅಂಟುವುದಿಲ್ಲ. ಅದಕ್ಕೆ ವಾಷಿಂಗ್ ಸೋಡಾ ಬೇರೆ ಸೇರಿರುತ್ತದೆ. ಆ ನೀರಿಗೆ ಸ್ವಲ್ಪ ಸ್ವಲ್ಪವೇ ವಿನೆಗರ್ ಹಾಕಿ ಹುಳಿ ಮಾಡಿದ ಮೇಲೆ ಇದ್ದಿಲು ಸೇರಿಸಿ. ಇದ್ದಿಲೂ ಜಾಸ್ತಿ ಬೇಕು.

ತಿಳಿಯಾದ ನೀರನ್ನು ಕುಡಿಯಬೇಡಿ, ದನಕರುಗಳಿಗೂ ಇಡಬೇಡಿ. ಬಣ್ಣಕ್ಕೆ ಹಾಕಿದ ಉಪ್ಪು, ಸೋಡಾ ಅದರಲ್ಲೇ ಉಳಿದಿರುತ್ತದೆ. ಗಿಡಕ್ಕೂ ಬೇಡ. ಬಣ್ಣ ಹೀರಿದ ಇದ್ದಿಲನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಬಣ್ಣ ಅದರೊಳಗೇ ಕೂತಿರುತ್ತದೆ. ನಾನು ಅದನ್ನು ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಮೇಲೆ 'ಬಣ್ಣ ಹೀರಿದ್ದು' ಅಂತ ಚೀಟಿ ಅಂಟಿಸಿದ್ದೇನೆ.