ದಿನಕ್ಕೊಂದು ನಕ್ಷತ್ರ: ಆಗಮನ ಕಾಲದ ನನ್ನ ಅನುಭವ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲ, ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರದಂದು ಆರಂಭವಾಗುತ್ತದೆ. ಅದು ಕಾಯುವ ಕಾಲವೆಂದು ತಿಳಿದಿದ್ದರೂ ಹಲವು ವರ್ಷ ನಾನು ಅದನ್ನು ಹಬ್ಬದ ಗಡಿಬಿಡಿಯಲ್ಲೇ ಕಳೆದೆ. ಕೈಯಾರೆ ಏನಾದರೂ ಮಾಡಬೇಕೆಂದು ಮೊದಲ ಬಾರಿ ಹೊರಟಾಗಲೂ, ಬಂಧುಮಿತ್ರರಿಗೆಲ್ಲ ಕೊಡಲು ನಲವತ್ತು ಕಾಗದದ ನಕ್ಷತ್ರಗಳ ಲೆಕ್ಕ ಹಾಕಿಕೊಂಡು, ಎರಡನೆಯ ವಾರದ ಹೊತ್ತಿಗೆ ಪ್ರಾರ್ಥನೆಗೆ ಕೂರುವ ತಾಳ್ಮೆಯನ್ನೂ ಕಳೆದುಕೊಂಡಿದ್ದೆ. ಮರುವರ್ಷದಿಂದ ದಿನಕ್ಕೆ ಒಂದೇ ನಕ್ಷತ್ರವೆಂದು ನಿಶ್ಚಯಿಸಿದೆ.

ನಾನು ಮಾಡುವುದು ಫ್ರೋಬೆಲ್ ನಕ್ಷತ್ರ. ಶಿಶುವಿಹಾರದ ಕಲ್ಪನೆಯನ್ನು ಕೊಟ್ಟ ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ (1782–1852) ಅವರ ಹೆಸರು ಇದಕ್ಕಿದೆ. ಒಂದೂವರೆ ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಉದ್ದದ ನಾಲ್ಕು ಕಾಗದದ ಪಟ್ಟಿಗಳು ಸಾಕು, ಅಂಟು ಬೇಡ. ಪ್ರತಿಯೊಂದು ಪಟ್ಟಿಯನ್ನು ಅರ್ಧಕ್ಕೆ ಮಡಚಿ, ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮಡಿಕೆಯೊಳಗೆ ಇನ್ನೊಂದನ್ನು ತೂರಿಸುತ್ತ ಚಾಪೆ ಹೆಣೆದಂತೆ ಹೆಣೆದು, ನಾಲ್ಕೂ ಕಡೆ ಮೆಲ್ಲನೆ ಎಳೆದಾಗ ನಡುವೆ ಪುಟ್ಟ ಚೌಕ ಬಿಗಿಯುತ್ತದೆ. ಅದರ ಸುತ್ತ ಎಂಟು ಚಪ್ಪಟೆ ಮೂಲೆಗಳನ್ನು ಮಡಚಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಕೊನೆಯ ಹಂತದಲ್ಲಿ: ಪಟ್ಟಿಯನ್ನು ಸುರುಳಿಯಾಗಿ ತಿರುವಿ ಹೆಣಿಗೆಯ ಅಡಿಯಿಂದ ತೂರಿಸಿದರೆ ಚೂಪಾದ ಮೊನೆಯೊಂದು ಮೇಲೇಳುತ್ತದೆ. ಮುಂದೆ ನಾಲ್ಕು, ಹಿಂದೆ ನಾಲ್ಕು ಹೀಗೆ ಏಳಬೇಕು. ಅವಸರದಿಂದ ಎಳೆದರೆ ಕಾಗದ ಸುಕ್ಕಾಗುತ್ತದೆ, ಸುಕ್ಕಾದ ಮೊನೆ ಮತ್ತೆ ನೆಟ್ಟಗಾಗುವುದಿಲ್ಲ.

ಕೂರುವ ಮೊದಲು ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಸುವಾರ್ತೆಯ ಒಂದು ಭಾಗವನ್ನು ಓದಿ, ನಕ್ಷತ್ರ ಮುಗಿಯುವವರೆಗೆ ಮಾತನಾಡದೆ ಇರುತ್ತೇನೆ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದ ಜಕರೀಯನ ವೃತ್ತಾಂತಕ್ಕೆ ನಾನು ಮತ್ತೆಮತ್ತೆ ಮರಳುತ್ತೇನೆ. ದೇವದೂತನ ಮಾತನ್ನು ನಂಬದೆ ಮೂಕನಾದ ಆ ಮುದುಕ, ಮಗ ಹುಟ್ಟಿದ ಮೇಲೆ ಹಲಗೆಯೊಂದನ್ನು ತರಿಸಿಕೊಂಡು ಯೋಹಾನನೆಂಬ ಹೆಸರನ್ನು ಬರೆದು ತೋರಿಸಿದನು. ಆಮೇಲೆಯೇ ಅವನ ನಾಲಿಗೆ ಸಡಿಲವಾಯಿತು. ಅಷ್ಟು ತಿಂಗಳ ಮೌನದಲ್ಲಿ ಅವನ ಕೈಗಳು ಏನು ಮಾಡುತ್ತಿದ್ದವೋ ಎಂದು ಪಟ್ಟಿ ಮಡಚುತ್ತ ಯೋಚಿಸುತ್ತೇನೆ. ಸುಮ್ಮನೆ ಕುಳಿತಾಗ ಚದುರಿಹೋಗುವ ನನ್ನ ಮನಸ್ಸು, ಬೆರಳಿಗೆ ಕೆಲಸ ಸಿಕ್ಕಾಗ ಓದಿದ ಮಾತಿನ ಮೇಲೆಯೇ ನಿಲ್ಲುತ್ತದೆ.

ಭಾನುವಾರ ಮಾತ್ರ ನಕ್ಷತ್ರದ ಬದಲು ಮೇಣದ ಬತ್ತಿ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಕೆರ್ನ್ ಎಂಬ ಪಾದ್ರಿ, ಹಬ್ಬ ಯಾವಾಗ ಎಂದು ಕೇಳುತ್ತಿದ್ದ ಬಡ ಮಕ್ಕಳಿಗಾಗಿ ಬಂಡಿಯ ಚಕ್ರದ ಮೇಲೆ ದಿನಕ್ಕೊಂದರಂತೆ ಬತ್ತಿ ಹಚ್ಚಿಸಿದರೆಂದು ಹೇಳುತ್ತಾರೆ. ಆ ಚಕ್ರದಂತೆಯೇ ದುಂಡಗಿರುವ ನನ್ನ ಹಸಿರೆಲೆಯ ವಲಯದಲ್ಲಿ ಮೂರು ನೇರಳೆ, ಮೂರನೆಯ ಭಾನುವಾರಕ್ಕೆ ಒಂದು ಗುಲಾಬಿ ಬಣ್ಣದ ಬತ್ತಿಗಳಿವೆ. ಅವನ್ನು ಬಣ್ಣದ ಜೇನುಮೇಣದ ಹಾಳೆಯನ್ನು ದಾರದ ಸುತ್ತ ಸುತ್ತಿ ನಾನೇ ಮಾಡುತ್ತೇನೆ. ಚಳಿಗೆ ಸೆಟೆದ ಹಾಳೆ ಬಿರಿಯುವುದರಿಂದ ಮೊದಲು ಅಂಗೈಯ ಶಾಖ ಕೊಡಬೇಕು.

ಮಾಡಿದ ನಕ್ಷತ್ರಗಳನ್ನು ಡಿಸೆಂಬರ್ 24ರ ಸಂಜೆಯವರೆಗೆ ತೂಗುಹಾಕುವುದಿಲ್ಲ. ಮೊನೆ ಸೊಟ್ಟಗಾದವೂ ಸೇರಿ ಎಲ್ಲವೂ ಅಲ್ಲಿಯವರೆಗೆ ಡಬ್ಬಿಯಲ್ಲೇ ಇರುತ್ತವೆ.